ಶಸ್ತ್ರಚಿಕಿತ್ಸೆಯ ನಂತರದ ನೋವು: ಕಾಯುವುದೋ, ವೈದ್ಯರನ್ನು ಕಾಣುವುದೋ?

ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ಬನಶಂಕರಿಯ ನಮ್ಮ ಚಿಕಿತ್ಸಾಲಯದಲ್ಲಿ ಸಂಜೆಯ ವೇಳೆ ರೋಗಿಗಳು ತುಂಬಿದ್ದರು. ಶ್ರೀಮಠದ ಭಕ್ತರೂ ನಿವೃತ್ತ ಶಿಕ್ಷಕಿಯೂ ಆದ ತಾಯಿಯೊಬ್ಬರು ದೂರವಾಣಿ ಮಾಡಿದರು. ಅವರಿಗೆ ಮಂಡಿಯ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ದಿನಗಳಾಗಿದ್ದವು. “ಡಾಕ್ಟ್ರೇ, ಮಂಡಿ ನೋವು ಹೇಗೋ ತಡ್ಕೋತೀನಿ. ಆದರೆ ನಿನ್ನೆಯಿಂದ ಮೀನಖಂಡ ಹಿಡ್ಕೊಂಡ ಹಾಗಾಗಿದೆ. ಮಹಾನಾರಾಯಣ ತೈಲ ಬಿಸಿ ಮಾಡಿ ತಿಕ್ಕಿಸಿಕೊಳ್ಳಲಾ?” ಎಂದು ಕೇಳಿದರು. ಎದುರಿಗೆ ಕುಳಿತಿದ್ದ ರೋಗಿಯ ನಾಡಿಯ ಮೇಲೆ ನಮ್ಮ ಬೆರಳಿತ್ತು. “ಆಗಲಿ ತಾಯಿ, ಎರಡು ದಿನ ಹಚ್ಚಿ ನೋಡಿ” ಎಂದು ಹೇಳಿ ದೂರವಾಣಿ ಇಟ್ಟೆವು.

ಅದು ನಾವು ನೀಡಿದ ತಪ್ಪು ಸಲಹೆ. ಆ ತಾಯಿಯನ್ನು ಉಳಿಸಿದವರು ಅವರ ಸೊಸೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದಲೂ ಅವರು ಅತ್ತೆಯವರ ಎರಡೂ ಮೀನಖಂಡಗಳ ಸುತ್ತಳತೆಯನ್ನು ರವಿಕೆ ಹೊಲಿಯುವ ಟೇಪಿನಿಂದ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದರು. ಅಂದು ಸಂಜೆ ಅಳೆದಾಗ ಶಸ್ತ್ರಚಿಕಿತ್ಸೆಯಾದ ಕಾಲು ಎರಡೇ ದಿನಗಳಲ್ಲಿ ಒಂದು ಅಂಗುಲಕ್ಕೂ ಹೆಚ್ಚು ದಪ್ಪವಾಗಿತ್ತು. ಅವರು ಎಣ್ಣೆಯ ಶೀಶೆಯನ್ನು ಬದಿಗಿಟ್ಟು, ಅದೇ ರಾತ್ರಿ ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ದರು. ಸ್ಕ್ಯಾನಿಂಗ್‌ನಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಕಂಡಿತು. ಆ ಕಾಲನ್ನು ಬಲವಾಗಿ ತಿಕ್ಕಿದ್ದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹರಿಯುವ ಸಂಭವವಿತ್ತು. ಒಂದು ವಾರದ ಬಳಿಕ ಆ ಸೊಸೆ ನಮ್ಮಲ್ಲಿಗೆ ಬಂದು, ಯಾವ ಕೋಪವನ್ನೂ ತೋರದೆ, “ಎಣ್ಣೆ ಹಚ್ಚಲಿಲ್ಲ ಡಾಕ್ಟ್ರೇ, ಕಾಲು ಅಳೆದೆ” ಎಂದಷ್ಟೇ ಹೇಳಿದರು. ಅಂದಿನಿಂದ ಶಸ್ತ್ರಚಿಕಿತ್ಸೆಯ ನಂತರದ ನೋವಿನ ಬಗ್ಗೆ ಯಾರೇ ಕೇಳಿದರೂ, ನೋಡದೆ ಉತ್ತರ ಹೇಳುವುದನ್ನು ನಾವು ನಿಲ್ಲಿಸಿದ್ದೇವೆ.

“ಈ ನೋವನ್ನು ವೈದ್ಯರಿಗೆ ತೋರಿಸಬೇಕೇ, ತಾನಾಗಿಯೇ ಹೋಗುವುದೇ?” ಎಂಬ ಪ್ರಶ್ನೆ ಪ್ರತಿ ವಾರವೂ ನಮ್ಮ ಮುಂದೆ ಬರುತ್ತದೆ. ಅದಕ್ಕೆ ಉತ್ತರ ಕಂಡುಕೊಳ್ಳುವ ಕ್ರಮವನ್ನು ಈ ಸಂಚಿಕೆಯಲ್ಲಿ ವಿವರಿಸುತ್ತೇವೆ.

ಮನೆಯೇ ವಾರ್ಡಾದ ಕಾಲ

ನಾವು ವೈದ್ಯವೃತ್ತಿಗೆ ಬಂದ ದಿನಗಳಲ್ಲಿ ಪಿತ್ತಕೋಶದ ಅಥವಾ ಹರ್ನಿಯಾದ ಶಸ್ತ್ರಚಿಕಿತ್ಸೆಯಾದವರು ವಾರಗಟ್ಟಲೆ ವಾರ್ಡಿನಲ್ಲಿಯೇ ಇರುತ್ತಿದ್ದರು. ಬೆಳಿಗ್ಗೆ ಸಂಜೆ ದಾದಿಯರು ಜ್ವರ ನೋಡುತ್ತಿದ್ದರು. ವೈದ್ಯರು ಪಟ್ಟಿ ಬಿಚ್ಚಿ ಗಾಯ ಪರೀಕ್ಷಿಸುತ್ತಿದ್ದರು. ಇಂದು ಪೊರೆಯ ಶಸ್ತ್ರಚಿಕಿತ್ಸೆಯಾದವರು ಅಂದೇ ಮನೆ ಸೇರುತ್ತಾರೆ. ಪಿತ್ತಕೋಶ ತೆಗೆಸಿಕೊಂಡವರು ಒಂದೆರಡು ದಿನಗಳಲ್ಲಿ ಮನೆಗೆ ಬರುತ್ತಾರೆ. ಇದು ಒಳ್ಳೆಯದೇ. ಬೇಗ ಎದ್ದು ನಡೆದಾಡಿದಷ್ಟೂ ದೇಹಕ್ಕೆ ಹಿತ. ಆದರೆ ಸೋಂಕು ಸಾಮಾನ್ಯವಾಗಿ ತಲೆಯೆತ್ತುವ ಐದರಿಂದ ಹತ್ತನೆಯ ದಿನದ ಅವಧಿಯಲ್ಲಿ ರೋಗಿಯು ಮನೆಯಲ್ಲಿರುತ್ತಾನೆ. ವಾರ್ಡಿನ ದಾದಿ ಮಾಡುತ್ತಿದ್ದ ಕೆಲಸವೀಗ ಮಗಳ, ಸೊಸೆಯ, ಮಗನ, ಬಾಳಸಂಗಾತಿಯ ಪಾಲಿಗೆ ಬಂದಿದೆ. ಅವರಿಗೆ ಅದನ್ನು ಕಲಿಸಿಕೊಟ್ಟವರು ಮಾತ್ರ ವಿರಳ.

ದಕ್ಷಿಣ ಬೆಂಗಳೂರಿನ ನಮಗೆ ಆಸ್ಪತ್ರೆಗಳ ಕೊರತೆಯಿಲ್ಲ. ಜಯದೇವ ಹೃದ್ರೋಗ ಸಂಸ್ಥೆ, ಮೂಳೆ ಮತ್ತು ಅಪಘಾತ ಚಿಕಿತ್ಸೆಯ ಸಂಜಯ ಗಾಂಧಿ ಸಂಸ್ಥೆ, ಜಯನಗರದ ಸಾರ್ವಜನಿಕ ಆಸ್ಪತ್ರೆ, ನಿಮ್ಹಾನ್ಸ್, ಕಿದ್ವಾಯಿ ಇವೆಲ್ಲ ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ಖಾಸಗಿ ಆಸ್ಪತ್ರೆಗಳಂತೂ ಬಡಾವಣೆಗೊಂದಿವೆ. ಹಾಗಿದ್ದೂ ಜನರು ತಡಮಾಡುವುದಕ್ಕೆ ಕಾರಣ ದೂರವಲ್ಲ, ಸಂಕೋಚ. ‘ಸಣ್ಣ ವಿಷಯಕ್ಕೆ ಡಾಕ್ಟರಿಗೇಕೆ ತೊಂದರೆ’, ‘ಮಗನಿಗೆ ಕಚೇರಿಯಲ್ಲಿ ಕೆಲಸವಿದೆ’, ‘ಮಗಳು ಅಮೆರಿಕದಲ್ಲಿ ಗಾಬರಿಯಾದಾಳು’, ‘ಮತ್ತೆ ಬಿಲ್ಲು ಬಂದೀತು’, ‘ಇನ್ನೊಮ್ಮೆ ಕೊಯ್ಯಬೇಕೆಂದರೆ ಏನು ಗತಿ’ ಎಂಬ ಮಾತುಗಳನ್ನು ನಾವು ಸದಾ ಕೇಳುತ್ತೇವೆ. ಹಿರಿಯರಲ್ಲಿ ಇನ್ನೊಂದು ಭಾವನೆಯೂ ಇದೆ: ನೋವನ್ನು ಬಾಯಿಬಿಟ್ಟು ಹೇಳದಿರುವುದೇ ಸಹನೆ ಎಂದು. ಸಹನೆ ದೊಡ್ಡ ಗುಣ, ನಿಜ. ಆದರೆ ನೋವನ್ನು ತಾಳಿಕೊಳ್ಳುವುದು ಬೇರೆ, ನೋವಿನ ಸುದ್ದಿಯನ್ನು ಮುಚ್ಚಿಡುವುದು ಬೇರೆ. ಮೊದಲನೆಯದು ಗುಣ; ಎರಡನೆಯದರಿಂದ ರೋಗ ಬೆಳೆಯುತ್ತದೆ.

ಸಹಜವಾದ ನೋವಿನ ನಡೆ

ಕೊಯ್ದ ಜಾಗದಲ್ಲಿ ನೋವು ಇರಲೇಬೇಕು. ಗಾಯವಾದ ಕೂಡಲೇ ದೇಹವು ಅಲ್ಲಿಗೆ ಹೆಚ್ಚು ರಕ್ತವನ್ನು ಕಳುಹಿಸುತ್ತದೆ. ರೋಗಾಣುಗಳೊಡನೆ ಹೋರಾಡುವ ಕಣಗಳು ಅಲ್ಲಿ ಸೇರುತ್ತವೆ. ಇದರಿಂದ ಸ್ವಲ್ಪ ಊತ, ಸ್ವಲ್ಪ ಕೆಂಪು, ಸ್ವಲ್ಪ ಬಿಸಿ, ಸ್ವಲ್ಪ ನೋವು ಉಂಟಾಗುತ್ತವೆ. ಇದು ವಾಸಿಯಾಗುವ ಪ್ರಕ್ರಿಯೆಯ ಆರಂಭ. ಸಾಮಾನ್ಯವಾಗಿ ಮೊದಲ ಎರಡು ಮೂರು ದಿನಗಳಲ್ಲಿ ನೋವು ಹೆಚ್ಚಿದ್ದು, ಆ ಬಳಿಕ ದಿನದಿಂದ ದಿನಕ್ಕೆ ಇಳಿಯುತ್ತದೆ. ನಡೆದಾಗ, ಕೆಮ್ಮಿದಾಗ, ವ್ಯಾಯಾಮ ಮಾಡಿದಾಗ ಏರಿದರೂ ವಿಶ್ರಾಂತಿಯಿಂದ ತಗ್ಗುತ್ತದೆ. ವೈದ್ಯರು ಕೊಟ್ಟ ಮಾತ್ರೆಗೆ ಮಣಿಯುತ್ತದೆ.

ಆದುದರಿಂದ ‘ನೋವು ಎಷ್ಟಿದೆ’ ಎಂಬುದಕ್ಕಿಂತ ‘ನೋವು ಯಾವ ಕಡೆಗೆ ಸಾಗುತ್ತಿದೆ’ ಎಂಬುದು ಮುಖ್ಯವಾದ ಪ್ರಶ್ನೆ. ಮಂಡಿಯ ಶಸ್ತ್ರಚಿಕಿತ್ಸೆಯಾದ ಎರಡನೆಯ ದಿನ ಕಣ್ಣೀರು ಬರುವಷ್ಟು ನೋವಿರುವುದು ಸಹಜವಾಗಿರಬಹುದು. ಅದೇ ಮಂಡಿಯಲ್ಲಿ ಐದನೆಯ ದಿನ ಕಡಮೆಯಾಗಿದ್ದ ನೋವು ಎಂಟನೆಯ ದಿನ ಮತ್ತೆ ಏರತೊಡಗಿದರೆ, ಅದು ಎರಡನೆಯ ದಿನದ ನೋವಿಗಿಂತ ಕಡಮೆಯಿದ್ದರೂ ವೈದ್ಯರು ನೋಡಬೇಕಾದ ನೋವು. ಇಳಿಯುತ್ತಿದ್ದದ್ದು ಏರಿದರೆ, ಒಂದೆಡೆ ಇದ್ದದ್ದು ಬೇರೆಡೆ ಕಾಣಿಸಿಕೊಂಡರೆ, ವಿಶ್ರಾಂತಿಯಲ್ಲಿಯೂ ಮಾತ್ರೆಯಲ್ಲಿಯೂ ತಗ್ಗದಿದ್ದರೆ, ಅದಕ್ಕೆ ಜ್ವರವೋ ವಾಂತಿಯೋ ಜೊತೆಗೂಡಿದರೆ, ನೋವು ದಿಕ್ಕು ಬದಲಿಸಿದೆ ಎಂದು ತಿಳಿಯಬೇಕು.

ನೋವು ತಗ್ಗಿದಾಗಲೂ ಎಚ್ಚರವೇಕೆ?

ಆಯುರ್ವೇದದ ಶಲ್ಯತಂತ್ರಕ್ಕೆ ಆಧಾರವಾದ ಸುಶ್ರುತ ಸಂಹಿತೆಯು ಶಸ್ತ್ರಚಿಕಿತ್ಸೆಯನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ ಎಂದು ಮೂರು ಭಾಗ ಮಾಡಿದೆ. ಕೊಯ್ಯುವುದು ನಡುವಿನ ಒಂದು ಭಾಗ ಮಾತ್ರ. ಆ ಬಳಿಕದ ಆರೈಕೆಗೂ ಚಿಕಿತ್ಸೆಯ ಸ್ಥಾನವೇ ಇದೆ. ಗಾಯಗೊಂಡವನ ಉಪಚಾರಕ್ಕಾಗಿಯೇ ಸೂತ್ರಸ್ಥಾನದಲ್ಲಿ ಪ್ರತ್ಯೇಕ ಅಧ್ಯಾಯವಿದೆ.

ಅದೇ ಸೂತ್ರಸ್ಥಾನವು ಬಾವಿಗೆ ಆಮ, ಪಚ್ಯಮಾನ, ಪಕ್ವ ಎಂಬ ಮೂರು ಅವಸ್ಥೆಗಳನ್ನು ಹೇಳುತ್ತದೆ. ಆಮಾವಸ್ಥೆಯಲ್ಲಿ ಬಿಸಿಯೂ ನೋವೂ ಅಲ್ಪ, ಬಾವು ಗಟ್ಟಿಯಾಗಿರುತ್ತದೆ. ಪಚ್ಯಮಾನದಲ್ಲಿ ಸೂಜಿ ಚುಚ್ಚಿದಂತೆ, ಇರುವೆ ಕಚ್ಚಿದಂತೆ, ಸುಟ್ಟಂತೆ ನಾನಾ ಬಗೆಯ ವೇದನೆ ಉಂಟಾಗಿ, ಜ್ವರ, ಬಾಯಾರಿಕೆ, ಅರುಚಿಗಳು ಸೇರುತ್ತವೆ. ಪಕ್ವಾವಸ್ಥೆಯಲ್ಲಿ ಬಾವು ಮೆತ್ತಗಾಗಿ, ಒಳಗೆ ಕೀವು ತುಂಬಿ, ನೋವು ಶಮನವಾಗುತ್ತದೆ. ಈ ಕೊನೆಯ ಮಾತನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಕೀವು ಪೂರ್ಣವಾಗಿ ತುಂಬಿದಾಗ ನೋವು ಕಡಮೆಯಾಗಬಹುದು. ‘ನೋವು ಹೋಯಿತು, ಇನ್ನು ವೈದ್ಯರೇಕೆ’ ಎಂದು ನಿಶ್ಚಿಂತರಾಗುವ ಆ ಗಳಿಗೆಯಲ್ಲಿಯೇ ಕೀವನ್ನು ಹೊರತೆಗೆಯಬೇಕಾಗಿರುತ್ತದೆ. ಹೊಟ್ಟೆಯೊಳಗೆ ಕರುಳಿನ ಬಾಲ ಒಡೆದಾಗಲೂ ಒಮ್ಮೊಮ್ಮೆ ನೋವು ತಟ್ಟನೆ ಇಳಿದು, ಕೆಲವು ಗಂಟೆಗಳ ಬಳಿಕ ಹೊಟ್ಟೆಯೆಲ್ಲ ವ್ಯಾಪಿಸುತ್ತದೆ ಎಂಬುದು ಆಧುನಿಕ ವೈದ್ಯರಿಗೂ ಚೆನ್ನಾಗಿ ತಿಳಿದ ಸಂಗತಿ.

ಆದುದರಿಂದ ನೋವೊಂದನ್ನೇ ನಂಬಬಾರದು. ವ್ರಣದ ಗಂಧ, ವರ್ಣ, ಸ್ರಾವ, ವೇದನೆ, ಆಕೃತಿ ಎಂಬ ಐದನ್ನೂ ನೋಡಬೇಕೆಂದು ನಮ್ಮ ಶಾಸ್ತ್ರ ಕಲಿಸುತ್ತದೆ. ಗಾಯಕ್ಕೆ ದುರ್ವಾಸನೆ ಬಂದಿದೆಯೇ? ಕೆಂಪು ಅಂಚು ಹರಡುತ್ತಿದೆಯೇ? ಒಸರುವ ದ್ರವ ತಿಳಿಯಾಗಿದೆಯೇ, ಗಟ್ಟಿಯಾದ ಹಳದಿ ಅಥವಾ ಹಸಿರು ಬಣ್ಣದ್ದೇ? ಹೊಲಿಗೆ ಬಿಟ್ಟುಕೊಂಡಿದೆಯೇ? ಇವನ್ನು ನೋಡಲು ಕಣ್ಣು, ಮೂಗು ಸಾಕು, ಯಂತ್ರ ಬೇಕಿಲ್ಲ.

ಯಾವ ಚಿಕಿತ್ಸೆಗೆ ಯಾವ ನೋವು

ಉದರದರ್ಶಕದ ಮೂಲಕ ಪಿತ್ತಕೋಶ ತೆಗೆಸಿಕೊಂಡ ಹಲವರು ‘ಹೊಟ್ಟೆ ಕೊಯ್ದರೆ ಭುಜವೇಕೆ ನೋಯುತ್ತದೆ’ ಎಂದು ಗಾಬರಿಯಾಗುತ್ತಾರೆ. ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿರುತ್ತಾರೆ. ಉಳಿದ ಅನಿಲವು ವಪೆಯನ್ನು ಕೆರಳಿಸಿದಾಗ ನರದ ಸಂಬಂಧದಿಂದ ಭುಜದಲ್ಲಿ ನೋವು ತೋರುತ್ತದೆ. ಎರಡು ಮೂರು ದಿನಗಳಲ್ಲಿ ಅದು ಹೋಗುತ್ತದೆ. ಮೆಲ್ಲಗೆ ನಡೆದಾಡಿದರೆ ಸಾಕು. ಆದರೆ ಹೊಟ್ಟೆನೋವು ಏರುತ್ತಾ ಹೋಗಿ, ಹೊಟ್ಟೆ ಉಬ್ಬಿ, ಜ್ವರ, ವಾಂತಿ, ಕಣ್ಣು ಹಳದಿಯಾಗುವಿಕೆ ಇವುಗಳಲ್ಲಿ ಯಾವುದಾದರೂ ಕಂಡರೆ ಪಿತ್ತರಸ ಸೋರುತ್ತಿರಬಹುದು. ಅಂದೇ ವೈದ್ಯರನ್ನು ಕಾಣಬೇಕು.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ದಿನ ಮರಳು ಬಿದ್ದಂತೆ ಕಿರಿಕಿರಿಯಾಗುವುದು ಸಹಜ. ಮರುದಿನದಿಂದ ಕಣ್ಣು ಹಗುರಾಗುತ್ತಾ ಬರಬೇಕು. ನೋವು ಹೆಚ್ಚಿ, ಕೆಂಪೇರಿ, ದೃಷ್ಟಿ ಮಂಜಾಗುತ್ತಾ ಬಂದರೆ ಕಣ್ಣಿನೊಳಗೆ ಸೋಂಕು ತಗುಲಿರುವ ಶಂಕೆಯಿದೆ. 2019ರ ಜುಲೈ ತಿಂಗಳಲ್ಲಿ ನಮ್ಮ ನಗರದ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆಯ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಹಲವರಿಗೆ ಸೋಂಕು ತಗುಲಿ, ಕೆಲವರು ದೃಷ್ಟಿಯನ್ನೇ ಕಳೆದುಕೊಂಡದ್ದು ಓದುಗರಿಗೆ ನೆನಪಿರಬಹುದು. ಇಂಥದು ಬಹು ವಿರಳ. ಆದರೆ ಸೋಂಕು ಬಂದಾಗ ಕಣ್ಣನ್ನು ಉಳಿಸಿಕೊಳ್ಳಲು ಇರುವ ಕಾಲಾವಕಾಶ ಗಂಟೆಗಳ ಲೆಕ್ಕದ್ದು. ‘ನಾಳೆ ಬೆಳಿಗ್ಗೆ ನೋಡೋಣ’ ಎಂಬ ಮಾತು ಕಣ್ಣಿನ ವಿಷಯದಲ್ಲಿ ಸಲ್ಲದು.

ಹಲ್ಲು ಕೀಳಿಸಿಕೊಂಡವರಲ್ಲಿ ಎರಡು ದಿನ ಇಳಿಯುತ್ತಿದ್ದ ನೋವು ಮೂರನೆಯ ಅಥವಾ ನಾಲ್ಕನೆಯ ದಿನ ತೀವ್ರವಾಗಿ, ಕಿವಿಯವರೆಗೂ ಸೆಳೆದು, ಬಾಯಿ ವಾಸನೆ ಬರುವುದುಂಟು. ಹಲ್ಲಿನ ಕುಳಿಯನ್ನು ಮುಚ್ಚಿದ್ದ ರಕ್ತದ ಹೆಪ್ಪು ಕಳಚಿ ಮೂಳೆ ತೆರೆದುಕೊಂಡಿರುವುದೇ ಇದಕ್ಕೆ ಕಾರಣ. ಪ್ರಾಣಾಪಾಯವಿಲ್ಲ, ದಂತವೈದ್ಯರು ಕುಳಿಯನ್ನು ತೊಳೆದು ಔಷಧ ತುಂಬಿದರೆ ಬೇಗ ಹಿತವೆನಿಸುತ್ತದೆ. ಲವಂಗದೆಣ್ಣೆ ಇಟ್ಟುಕೊಂಡು ವಾರಗಟ್ಟಲೆ ನರಳಬೇಕಿಲ್ಲ. ಆದರೆ ಬಾವು ಕತ್ತಿಗೆ ಇಳಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮಂಡಿ, ಸೊಂಟದ ಕೀಲು ಬದಲಾಯಿಸಿಕೊಂಡವರಲ್ಲಿ ಆ ಕಾಲು ಕೆಲವು ವಾರ ತುಸು ಊದಿರುವುದು ಸಹಜ. ಮೀನಖಂಡದಲ್ಲಿ ಹೊಸದಾಗಿ ನೋವು ಮೂಡಿ ಊತ ಹೆಚ್ಚಿದರೆ ಹೆಪ್ಪುಗಟ್ಟುವಿಕೆಯನ್ನು ಶಂಕಿಸಬೇಕು. ಎಣ್ಣೆ ತಿಕ್ಕುವುದು, ಶಾಖ ಕೊಡುವುದು ಎರಡೂ ಕೂಡದು. ಇದರೊಡನೆ ಉಸಿರು ಕಟ್ಟಿದರೆ ಅಥವಾ ಎದೆ ನೋಯತೊಡಗಿದರೆ ಹೆಪ್ಪು ಶ್ವಾಸಕೋಶಕ್ಕೆ ತಲುಪಿರಬಹುದು. ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ಒಳಗಿನ ನೋವು ಗಂಟೆಗಂಟೆಗೂ ಏರಿ, ಬೆರಳುಗಳು ಜೋಮು ಹಿಡಿದು, ತಣ್ಣಗಾಗಿ, ಅವುಗಳನ್ನು ಮೆಲ್ಲಗೆ ನೀಡಿದರೂ ಪ್ರಾಣ ಹೋದಂತಾದರೆ, ಒಳಗೆ ಒತ್ತಡ ಹೆಚ್ಚಿ ಮಾಂಸಖಂಡಕ್ಕೆ ರಕ್ತ ನಿಂತುಹೋಗುತ್ತಿದೆ ಎಂದರ್ಥ. ರಾತ್ರಿ ಎರಡು ಗಂಟೆಯಾಗಿದ್ದರೂ ಹೊರಡಬೇಕು.

ಹೃದಯದ ಆಂಜಿಯೋಗ್ರಾಂ ಅಥವಾ ಆಂಜಿಯೋಪ್ಲಾಸ್ಟಿಗೆ ನಾಳ ಚುಚ್ಚಿದ ಮಣಿಕಟ್ಟಿನಲ್ಲೋ ತೊಡೆಸಂದಿನಲ್ಲೋ ಚರ್ಮ ಕಂದುಗಟ್ಟಿ ಮುಟ್ಟಿದರೆ ನೋಯುವುದು ಸಹಜ. ಆ ಜಾಗ ಉಬ್ಬುತ್ತಾ ಹೋದರೆ, ರಕ್ತ ಒಸರಿದರೆ, ಆ ಕೈ ಅಥವಾ ಕಾಲು ತಣ್ಣಗಾದರೆ, ತೊಡೆಸಂದಿಯಲ್ಲಿ ಚುಚ್ಚಿದವರಿಗೆ ಬೆನ್ನು ಅಥವಾ ಪಕ್ಕೆ ನೋಯುತ್ತಾ ತಲೆ ಸುತ್ತಿದರೆ ಆಂಬುಲೆನ್ಸ್ ಕರೆಸಬೇಕು; ಉಬ್ಬುತ್ತಿರುವ ಅಥವಾ ರಕ್ತ ಒಸರುವ ಜಾಗವನ್ನು ಬಲವಾಗಿ ಒತ್ತಿಹಿಡಿಯಬೇಕು.

ಮೂಲವ್ಯಾಧಿ, ಭಗಂದರಗಳ ಚಿಕಿತ್ಸೆಯಾದವರು ನಾಚಿಕೆಯಿಂದ ಬಾಯಿಬಿಡುವುದಿಲ್ಲ. ಭಗಂದರಕ್ಕೆ ನಮ್ಮ ಆಯುರ್ವೇದದ ಕ್ಷಾರಸೂತ್ರ ಚಿಕಿತ್ಸೆಯಲ್ಲಿ ಕಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಸಿನಗಳನ್ನು ಲೇಪಿಸಿದ ದಾರವನ್ನು ವಾರಕ್ಕೊಮ್ಮೆ ಬದಲಿಸುತ್ತಾರೆ. ಬದಲಿಸಿದ ದಿನ ಉರಿ, ನೋವು ಇದ್ದು ಬಳಿಕ ಇಳಿಯಬೇಕು. ಮಲವಿಸರ್ಜನೆಯ ವೇಳೆ ನೋವಿರುವುದೂ ನಿರೀಕ್ಷಿತ. ಆದರೆ ಜ್ವರದೊಡನೆ ಮಿಡಿಯುವ ನೋವು, ಆರೇಳು ಗಂಟೆ ಕಳೆದರೂ ಮೂತ್ರ ಬಾರದಿರುವುದು, ಬಟ್ಟೆ ತೊಯ್ಯುವಷ್ಟು ರಕ್ತಸ್ರಾವ ಇವನ್ನು ಮುಚ್ಚಿಡಕೂಡದು. ಮೂಲವ್ಯಾಧಿಯನ್ನು ಕೊಯ್ದು ತೆಗೆದ ಮೇಲೆ ಒಂದು ವಾರ ಕಳೆದ ಬಳಿಕವೂ ರಕ್ತಸ್ರಾವವಾಗಬಹುದೆಂಬುದು ನೆನಪಿರಲಿ.

ಸಿಸೇರಿಯನ್ ಹೆರಿಗೆಯಾದ ಬಾಣಂತಿಗೆ, ಅಥವಾ ಬೆನ್ನಿಗೆ ಅರಿವಳಿಕೆ ಪಡೆದ ಯಾರಿಗೇ ಆಗಲಿ, ಎದ್ದು ಕುಳಿತರೆ ಸಿಡಿದು ಮಲಗಿದರೆ ತಗ್ಗುವ ತಲೆನೋವು ಬಂದರೆ ಅರಿವಳಿಕೆ ವೈದ್ಯರಿಗೆ ತಿಳಿಸಬೇಕು. ‘ತಣ್ಣನೆಯ ಗಾಳಿ ತಗುಲಿತು’ ಎಂದು ತಲೆಗೆ ಬಟ್ಟೆ ಬಿಗಿದು ಸುಮ್ಮನಾಗಬಾರದು. ಆ ತಲೆನೋವಿಗೆ ಪರಿಹಾರವಿದೆ.

ನೋವು ಹೇಳದ ದೇಹಗಳು

ಬಹುಕಾಲದ ಸಕ್ಕರೆ ಕಾಯಿಲೆಯುಳ್ಳವರಲ್ಲಿ ನರಗಳು ಮಂದವಾಗಿ, ಪಾದದ ಗಾಯ ಕೊಳೆಯುತ್ತಿದ್ದರೂ ನೋವು ತಿಳಿಯದಿರಬಹುದು. ವಯೋವೃದ್ಧರಲ್ಲಿ ಸೋಂಕು ಏರಿದರೂ ಜ್ವರ ಬಾರದಿರಬಹುದು. ಬದಲಾಗಿ ಊಟ ಬಿಡುತ್ತಾರೆ, ಮಂಕಾಗುತ್ತಾರೆ, ಸಂಬಂಧವಿಲ್ಲದ ಮಾತಾಡುತ್ತಾರೆ. ಸ್ಟಿರಾಯ್ಡ್ ಮಾತ್ರೆ ಸೇವಿಸುವವರಲ್ಲಿಯೂ ಲಕ್ಷಣಗಳು ಮರೆಯಾಗುತ್ತವೆ. ಇಂಥವರ ವಿಷಯದಲ್ಲಿ ‘ನೋವಿಲ್ಲ’ ಎಂಬ ಮಾತಿನಿಂದ ಸಮಾಧಾನಪಡದೆ, ದಿನಕ್ಕೆ ಎರಡು ಬಾರಿ ಗಾಯವನ್ನು ಕಣ್ಣಾರೆ ನೋಡಬೇಕು; ಸಕ್ಕರೆಯ ಪ್ರಮಾಣ ಕಾರಣವಿಲ್ಲದೆ ಏರಿದರೆ ಅದನ್ನೂ ಸೋಂಕಿನ ಸೂಚನೆಯೆಂದು ಎಣಿಸಬೇಕು.

ನಂಜು, ಎಣ್ಣೆ, ವಿಭೂತಿ, ಮಾತ್ರೆ

ಗಾಯ ಕೆಂಪಾದರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ‘ನಂಜಾಗಿದೆ’ ಎಂದು. ಬದನೆಕಾಯಿ ಹಾಕಿದ್ದು ಯಾರು, ಹುಳಿ ಬಡಿಸಿದ್ದು ಯಾರು ಎಂಬ ವಿಚಾರಣೆ ಅಡುಗೆಮನೆಯಲ್ಲಿ ನಡೆಯುತ್ತದೆ. ಗಾಯವನ್ನು ಬಿಚ್ಚಿ ನೋಡುವವರಿಲ್ಲ. ಪಥ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಗಾಯಾಳುವಿಗೆ ಹಿತಾಹಿತ ಆಹಾರಗಳನ್ನು ಸುಶ್ರುತರೇ ಹೇಳಿದ್ದಾರೆ. ಆದರೆ ಪಥ್ಯ ಹೇಳಿದ ಅವರೇ ಕೀವನ್ನು ಗುರುತಿಸಿ ಹೊರತೆಗೆಯುವುದನ್ನೂ ಹೇಳಿದ್ದಾರೆ. ನಂಜಿನ ಹೆಸರಿನಲ್ಲಿ ಬೇಳೆ, ಕಾಳು, ಹಾಲುಗಳನ್ನೆಲ್ಲ ಬಿಡಿಸಿ ಬರಿಯ ಗಂಜಿ ಕೊಟ್ಟರೆ ಗಾಯ ಕೂಡಲು ಬೇಕಾದ ಪೋಷಣೆಯೇ ಇಲ್ಲವಾಗುತ್ತದೆ.

ಹೊಲಿಗೆಯ ಗಾಯಕ್ಕೆ ಅರಿಸಿನ, ಕೊಬ್ಬರಿ ಎಣ್ಣೆ, ಯಾವುದೇ ತೈಲ ಹಚ್ಚಬಾರದು. ವಿಭೂತಿ ಹಣೆಯ ಮೇಲೆ, ತೋಳಿನ ಮೇಲೆ ಇರಲಿ. ಗಾಯದ ಮೇಲೆ ಬೇಡ. ಎದೆಯ ಮೇಲೆ ಗಾಯವಾಗಿರುವವರು ಕರಡಿಗೆಯೂ ಶಿವದಾರವೂ ಹೊಲಿಗೆಗೆ ಉಜ್ಜದಂತೆ ದಾರದ ಉದ್ದವನ್ನು ಹೊಂದಿಸಿಕೊಳ್ಳಬೇಕು. ದಾರ ಒದ್ದೆಯಾಗಿದ್ದರೆ ಬದಲಿಸಬೇಕು. ಮಂಡಿಯ ಶಸ್ತ್ರಚಿಕಿತ್ಸೆಯಾದವರು ಪದ್ಮಾಸನದ ಹಟ ಹಿಡಿಯದೆ ಕುರ್ಚಿಯ ಮೇಲೆ ಕುಳಿತು ಲಿಂಗಪೂಜೆ ಮಾಡಿಕೊಳ್ಳಬಹುದು. ಪೂಜೆಗೆ ಇದರಿಂದ ಕುಂದಿಲ್ಲ.

ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ಹೇಳಿದ ಹೊತ್ತಿಗೆ ತೆಗೆದುಕೊಳ್ಳುವುದು ದೌರ್ಬಲ್ಯವಲ್ಲ. ನೋವಿಗೆ ಹೆದರಿ ಕೆಮ್ಮದೆ, ನಡೆಯದೆ ಮಲಗಿದರೆ ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆದರೆ ಆ ಮಾತ್ರೆ ಸಾಲದೆಂದು ಔಷಧ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳನ್ನು ತಾವಾಗಿ ತಂದು ಸೇರಿಸಿದರೆ ಜಠರಕ್ಕೆ, ಮೂತ್ರಪಿಂಡಕ್ಕೆ ಅಪಾಯ. ಬರೆದುಕೊಟ್ಟ ಮಾತ್ರೆಗೆ ನೋವು ಬಗ್ಗದಿರುವುದೇ ವೈದ್ಯರಿಗೆ ತಿಳಿಸಬೇಕಾದ ಒಂದು ಲಕ್ಷಣ. ಹಾಗೆಯೇ ನಮ್ಮಂಥವರು ಕೊಟ್ಟ ಗುಗ್ಗುಲು, ಚೂರ್ಣ, ಕಷಾಯಗಳನ್ನು ಸೇವಿಸುತ್ತಿದ್ದರೆ ಶಸ್ತ್ರವೈದ್ಯರಿಗೆ ಹೇಳಬೇಕು. ರಕ್ತ ತೆಳುವಾಗಿಸುವ ಔಷಧಗಳೊಡನೆ ಕೆಲವು ಮೂಲಿಕೆಗಳು ಹೊಂದುವುದಿಲ್ಲ.

ನಿರ್ಧಾರದ ಮೂರು ಹಂತಗಳು

ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಬೇಕಾದದ್ದು: ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವಿಕೆ, ಹೊಸದಾಗಿ ಮೂಡಿದ ಗೊಂದಲದ ಮಾತು, ಒತ್ತಿದರೂ ನಿಲ್ಲದ ರಕ್ತ, ಹಲಗೆಯಂತೆ ಬಿಗಿದ ಹೊಟ್ಟೆ, ಕೈಕಾಲು ತಣ್ಣಗಾಗಿ ಬಣ್ಣಗೆಡುವುದು. ಆಗ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆ ವೈಟ್‌ಫೀಲ್ಡಿನಲ್ಲೋ ಹೆಬ್ಬಾಳದಲ್ಲೋ ಇದ್ದರೆ ಅಲ್ಲಿಗೇ ಹೋಗಬೇಕೆಂದು ಸಿಲ್ಕ್ ಬೋರ್ಡಿನ ವಾಹನದಟ್ಟಣೆಯಲ್ಲಿ ಸಿಲುಕಬಾರದು. ಸಮೀಪದ ತುರ್ತು ವಿಭಾಗಕ್ಕೆ ಹೋಗಿ, ಅಲ್ಲಿಂದಲೇ ನಿಮ್ಮ ವೈದ್ಯರಿಗೆ ತಿಳಿಸಬೇಕು.

ಅದೇ ದಿನ ವೈದ್ಯರಿಗೆ ತಿಳಿಸಬೇಕಾದದ್ದು: ಇಳಿದು ಮತ್ತೆ ಏರಿದ ನೋವು, 100.4 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಚಳಿನಡುಕ, ಹರಡುವ ಕೆಂಪು, ಕೀವು, ದುರ್ವಾಸನೆ, ಬಿಟ್ಟ ಹೊಲಿಗೆ, ಒಂದೇ ಕಾಲಿನ ಊತ, ನಿಲ್ಲದ ವಾಂತಿ, ಮೂತ್ರ ಕಟ್ಟುವುದು, ಶಸ್ತ್ರಚಿಕಿತ್ಸೆಯಾದ ಕಣ್ಣಿನ ಯಾವುದೇ ಹೆಚ್ಚುತ್ತಿರುವ ನೋವು.

ನಿಗದಿಯಾದ ಭೇಟಿಯವರೆಗೆ ಕಾಯಬಹುದಾದದ್ದು: ದಿನೇ ದಿನೇ ಇಳಿಯುತ್ತಿರುವ ನೋವು, ಮಾತ್ರೆಗೆ ತಗ್ಗುವ ನೋವು, ಗಾಯದ ಸುತ್ತ ತುರಿಕೆ ಅಥವಾ ಜೋಮು, ಮಾಸುತ್ತಿರುವ ಕಂದು ಬಣ್ಣ, ಊಟ, ನಿದ್ರೆ, ನಡಿಗೆಗಳು ಸುಧಾರಿಸುತ್ತಿರುವಾಗಿನ ಸಣ್ಣಪುಟ್ಟ ಸೆಳೆತ.

ಗಾಯದ ಸೋಂಕು ಒಂದು ತಿಂಗಳವರೆಗೂ, ಒಳಗೆ ಕೃತಕ ಕೀಲು ಮುಂತಾದವನ್ನು ಇಟ್ಟಿದ್ದರೆ ಮೂರು ತಿಂಗಳವರೆಗೂ ಕಾಣಿಸಿಕೊಳ್ಳಬಹುದು. ಆದುದರಿಂದ ಹೊಲಿಗೆ ಬಿಚ್ಚಿದ ದಿನಕ್ಕೆ ಎಚ್ಚರ ಮುಗಿಯದು. ಗಾಯ ಮಾಗಿ ಮೂರು ತಿಂಗಳು ದಾಟಿದರೂ ಉಳಿದ ನೋವಿಗೆ ನರದ ಪೆಟ್ಟು ಕಾರಣವಾಗಿರಬಹುದು. ಅದು ಮನಸ್ಸಿನ ಭ್ರಮೆಯಲ್ಲ, ಅದಕ್ಕೂ ಚಿಕಿತ್ಸೆಯಿದೆ.

ತಿಳಿಸುವ ಕ್ರಮ

ಒಂದು ಪುಸ್ತಕವಿಡಿ. ಬೆಳಿಗ್ಗೆ ಮತ್ತು ಸಂಜೆ ನಾಲ್ಕು ಸಂಗತಿ ಬರೆಯಿರಿ: ನೋವು ಹತ್ತರಲ್ಲಿ ಎಷ್ಟು, ಜ್ವರ ಎಷ್ಟು, ಗಾಯ ಹೇಗಿದೆ, ಊಟ ಮತ್ತು ಮಲಮೂತ್ರ ಹೇಗಾಗಿವೆ. ಪಟ್ಟಿ ಬಿಚ್ಚಲು ವೈದ್ಯರ ಅನುಮತಿಯಿದ್ದರೆ ದಿನಕ್ಕೊಮ್ಮೆ ಒಂದೇ ಬೆಳಕಿನಲ್ಲಿ ಮೊಬೈಲಿನಿಂದ ಗಾಯದ ಚಿತ್ರ ತೆಗೆಯಿರಿ. ಮೂರು ದಿನಗಳ ಬರಹವನ್ನು ಒಟ್ಟಿಗೆ ನೋಡಿದರೆ ನೋವಿನ ದಿಕ್ಕು ತಾನಾಗಿ ತಿಳಿಯುತ್ತದೆ.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಅಥವಾ ಅವರ ವಿಭಾಗಕ್ಕೆ ಮೊದಲು ಕರೆ ಮಾಡಿ. ದೂರವಾಣಿ ಸಂಖ್ಯೆ ಬಹುಮಟ್ಟಿಗೆ ಡಿಸ್ಚಾರ್ಜ್ ಪತ್ರದಲ್ಲಿಯೇ ಇರುತ್ತದೆ. ಇಲ್ಲದಿದ್ದರೆ ಆಸ್ಪತ್ರೆಯಿಂದ ಹೊರಡುವ ಮುನ್ನವೇ ಕೇಳಿ ಬರೆದುಕೊಳ್ಳಿ. ‘ಸ್ವಲ್ಪ ನೋವಿದೆ ಡಾಕ್ಟ್ರೇ’ ಎಂದರೆ ಯಾವ ವೈದ್ಯರಿಗೂ ಏನೂ ತಿಳಿಯದು. “ಇಂಥ ದಿನ ಇಂಥ ಆಪರೇಷನ್ ಆಯಿತು. ಮೊನ್ನೆಯವರೆಗೆ ನೋವು ಹತ್ತರಲ್ಲಿ ಮೂರಿತ್ತು, ನಿನ್ನೆಯಿಂದ ಆರಾಗಿದೆ. ಸಂಜೆ ಜ್ವರ 101 ಇತ್ತು. ಸಕ್ಕರೆ ಕಾಯಿಲೆಯಿದೆ. ಈ ಮಾತ್ರೆ ತೆಗೆದುಕೊಂಡಿದ್ದೇನೆ” ಎಂದು ಹೇಳಿದರೆ ಅರ್ಧ ನಿಮಿಷದಲ್ಲಿ ಅವರು ನಿರ್ಧರಿಸಬಲ್ಲರು. ಉತ್ತರ ಸಮಾಧಾನ ತರದಿದ್ದರೆ ನೇರವಾಗಿ ಹೋಗಿ ತೋರಿಸಿ. ಹೋದ ಮೇಲೆ ‘ಏನೂ ಇಲ್ಲ’ ಎಂದರೆ ಅದು ನಷ್ಟವಲ್ಲ. ಆ ಮಾತನ್ನು ಕೇಳುವುದಕ್ಕಾಗಿಯೇ ಹೋಗಬೇಕು.

ಕೊನೆಯದಾಗಿ ನಮ್ಮ ಬಗ್ಗೆ ಒಂದು ಮಾತು. ಶಸ್ತ್ರಚಿಕಿತ್ಸೆಯ ಬಳಿಕ ನೋವಾದಾಗ ಪರಿಚಿತ ಆಯುರ್ವೇದ ವೈದ್ಯರಿಗೆ ಫೋನು ಮಾಡುವುದು ಸುಲಭ, ಸಲಿಗೆಯದು. ಶಕ್ತಿ ತುಂಬಲು, ಜೀರ್ಣ ಸರಿಪಡಿಸಲು, ಮುಂದಿನ ತಿಂಗಳುಗಳ ಆರೈಕೆಗೆ ನಾವಿದ್ದೇವೆ. ಆದರೆ ಹೊಸ ನೋವಿನ ಮೊದಲ ಕರೆ ಕೊಯ್ದ ವೈದ್ಯರಿಗೆ ಹೋಗಲಿ. ಒಳಗೆ ಏನು ಮಾಡಿದ್ದಾರೆಂಬುದು ಅವರಿಗೆ ಗೊತ್ತು. ಅಂದು ನಾವು ಆ ತಾಯಿಗೆ ಹೇಳಬೇಕಾಗಿದ್ದದ್ದೂ ಇದೇ ಮಾತು.

ಅವರು ಈಗಲೂ ಬಸವ ಜಯಂತಿಗೆ ತಪ್ಪದೆ ಬರುತ್ತಾರೆ. ಪ್ರಸಾದ ನಿಲಯದ ಮೆಟ್ಟಿಲುಗಳನ್ನು ತಾವೇ ಹತ್ತುತ್ತಾರೆ. ನಮ್ಮನ್ನು ಕಂಡಾಗಲೆಲ್ಲ ಸೊಸೆಯನ್ನು ತೋರಿಸಿ, “ಇವಳೇ ನನ್ನ ಡಾಕ್ಟರು” ಎಂದು ನಗುತ್ತಾರೆ. ನಾವೂ ನಕ್ಕು ಕೈಮುಗಿಯುತ್ತೇವೆ. ಶಸ್ತ್ರಚಿಕಿತ್ಸೆಯಾದವರಿರುವ ಪ್ರತಿ ಮನೆಯಲ್ಲಿಯೂ ಹೀಗೆ ನೋಡುವ, ಬರೆದಿಡುವ, ಹೊತ್ತಿಗೆ ಸರಿಯಾಗಿ ಹೊರಡುವ ಒಬ್ಬರಿರಲಿ.